ಆರನ್ನು ಮೂರು ಮಾಡಿಸಿದ್ದೆ

ನಮ್ಮ ಆಸ್ಪತ್ರೆಯ ಪೇಷಂಟ್ ಒಬ್ಬರು, ನಾನು ಯಜಮಾನರೇ ಅಂತ ಕರೆಯುವವರು, ಫಾರ್ಮ್ ಮುಗಿಸಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು 30ನೇ ಪ್ರಶ್ನೆ ನೋಡಿದೆ, ಪೆನ್ನನ್ನು ವಾಪಸ್ ಅವರ ಕೈಗೇ ಕೊಟ್ಟೆ. ತಪ್ಪು ನಡೆದದ್ದು ಅಲ್ಲಿ. ಎರಡು ವರ್ಷ ಆಯಿತು, ಇನ್ನೂ ಚುಚ್ಚುತ್ತದೆ.

ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾನು ಸ್ಟಡಿ ಕೋಆರ್ಡಿನೇಟರ್, ಅಂದರೆ ಸಂಶೋಧನೆಗೆ ಸೇರಿದ ಪೇಷಂಟ್‌ಗಳ ಫಾರ್ಮ್, ದಾಖಲೆ ನೋಡಿಕೊಳ್ಳುವವಳು. ಅದಕ್ಕೂ ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಆ ಸ್ಟಡಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಳ್ಳುವವರದ್ದು. ವಿಸಿಟ್ ಐದು: ಬೇಸ್‌ಲೈನ್ (ಚಿಕಿತ್ಸೆಗೆ ಮುಂಚಿನದು), ರೇಡಿಯೇಷನ್ನಿನ ಕೊನೆ ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ. ಪ್ರತಿ ವಿಸಿಟ್‌ಗೂ ಕ್ಯೂಎಲ್‌ಕ್ಯೂ-ಸಿ30, ಅಂದರೆ ಕ್ಯಾನ್ಸರ್ ಪೇಷಂಟ್‌ಗಳ ಜೀವನದ ಗುಣಮಟ್ಟ ಕೇಳುವ 30 ಪ್ರಶ್ನೆಗಳ ಫಾರ್ಮ್. ಜೊತೆಗೆ ಬಾಯಿ, ಗಂಟಲಿನ ತೊಂದರೆ ಕೇಳುವ ಹೆಡ್ ಅಂಡ್ ನೆಕ್ ಮಾಡ್ಯೂಲಿನ 35 ಪ್ರಶ್ನೆ. ಆರು ತಿಂಗಳ ವಿಸಿಟ್‌ಗೆ ಮಾತ್ರ ಇನ್ನೊಂದು ಫಾರ್ಮ್ ಜಾಸ್ತಿ: ಥೆನ್-ಟೆಸ್ಟ್. ಚಿಕಿತ್ಸೆಗೆ ಮುಂಚೆ ಹೇಗಿದ್ದಿರಿ, ಈಗ ತಿರುಗಿ ನೋಡಿದರೆ ಅದಕ್ಕೆ ಎಷ್ಟು ಕೊಡುತ್ತೀರಿ ಅಂತ ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳುವುದು. ಬೇಸ್‌ಲೈನ್ ಫಾರ್ಮ್ ಫೈಲಿನಲ್ಲೇ ಇದೆಯಲ್ಲ, ಮತ್ತೆ ಯಾಕೆ ಅನ್ನೋದು ನನಗೆ ಗೊತ್ತಿರಲಿಲ್ಲ. ಟ್ರೈನಿಂಗ್ ಲಾಗ್‌ಗೆ ಸಹಿ ಹಾಕಿದ್ದೆ, ಅಷ್ಟೇ.

ಯಜಮಾನರು ರಾಮನಗರದ ಕಡೆಯವರು. ಊರಿನ ಹೆಸರು ಬೇಡ. ರೇಷ್ಮೆ ಸಾಕುವವರು, ಏಳನೇ ಕ್ಲಾಸ್ ಓದಿದವರು, ಫಾರ್ಮ್ ತಾವೇ ಓದಿ ತುಂಬುವವರು. ಬೇಸ್‌ಲೈನ್ ದಿನ ಕೊನೆಯ ಪ್ರಶ್ನೆಗೆ, ಅಂದರೆ ಒಟ್ಟಾರೆ ಜೀವನದ ಗುಣಮಟ್ಟ ಹೇಗಿದೆ ಅನ್ನುವ 30ನೆಯದಕ್ಕೆ, ಬಂದು ನಿಂತರು. "ಗೂಡಿನ ಗುಣಮಟ್ಟ ಗೊತ್ತು ಕಣವ್ವ. ಜೀವನದ್ದು ಹೆಂಗ್ ಅಳೆಯೋದು?" ಅಂದರು. ಒಳ್ಳೆಯ ಪ್ರಶ್ನೆ ಅದು. ನಾನು, "ಎಲ್ಲಾ ಸೇರಿ ಹೇಗಿದೆ ಅನ್ಸುತ್ತೋ ಅಷ್ಟು ಹಾಕಿ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ 7ರಲ್ಲಿ 5 ಹಾಕಿದರು.

ಆಮೇಲೆ 35 ಸಿಟ್ಟಿಂಗ್, ವಾರಕ್ಕೆ ಐದರಂತೆ ಏಳು ವಾರ. ನಾಲ್ಕನೇ ವಾರಕ್ಕೆ ಬಾಯಿಯೆಲ್ಲ ಹುಣ್ಣು. ಆರನೇ ವಾರಕ್ಕೆ ಮೂಗಿನಿಂದ ಆಹಾರ ಕೊಡುವ ರೈಲ್ಸ್ ಟ್ಯೂಬ್. ಆರು ತಿಂಗಳಿಗೆ ಬರುವಾಗ ಟ್ಯೂಬ್ ಹೋಗಿತ್ತು, ಆದರೆ ಬಾಯಲ್ಲಿ ನೀರೂರುವುದು ನಿಂತಿತ್ತು. ಎರಡು ಮಾತಿಗೊಂದು ಸಲ ಬಾಟಲಿ ಎತ್ತಿ ಒಂದು ಗುಟುಕು ಕುಡಿಯುತ್ತಿದ್ದರು. ಮುದ್ದೆ ಇಳಿಯುತ್ತಿರಲಿಲ್ಲ. ಅಂಗಿಯ ಕಾಲರ್ ಒಳಗೆ ಎರಡು ಬೆರಳು ಆರಾಮಾಗಿ ಹೋಗುವಷ್ಟು ಕತ್ತು ಸಣ್ಣಗಾಗಿತ್ತು.

ಇಂಥವರು 30ನೇ ಪ್ರಶ್ನೆಗೆ 6 ಹಾಕಿದ್ದರು.

ಇಲ್ಲಿ ಫಾರ್ಮ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೊದಲ 28 ಪ್ರಶ್ನೆಗಳಲ್ಲಿ 1 ಅಂದರೆ ತೊಂದರೆ ಇಲ್ಲ, 4 ಅಂದರೆ ತುಂಬಾ ತೊಂದರೆ. ಕೊನೆಯ ಎರಡರಲ್ಲಿ ಪೂರ್ತಿ ಉಲ್ಟಾ: 1 ಅಂದರೆ ತುಂಬಾ ಕೆಟ್ಟದು, 7 ಅಂದರೆ ಬಹಳ ಒಳ್ಳೆಯದು. ಇದರಲ್ಲಿ ಎಷ್ಟೋ ಜನ ನಿಜವಾಗಿಯೂ ಎಡವುತ್ತಾರೆ. ಯಜಮಾನರೂ ಎಡವಿದ್ದಾರೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಮಾಡ್ಯೂಲಿನಲ್ಲಿ ಬಾಯಿ ಒಣಗುವುದಕ್ಕೆ 4, ರುಚಿಗೆ 4, ನುಂಗುವುದಕ್ಕೆ 3. ಇಷ್ಟೆಲ್ಲ ಹಾಕಿದವರು ಜೀವನಕ್ಕೆ 6 ಹೇಗೆ ಹಾಕುತ್ತಾರೆ?

"ಯಜಮಾನ್ರೇ, ಇಲ್ಲಿ 7 ಅಂದ್ರೆ ತುಂಬಾ ಚೆನ್ನಾಗಿದೆ ಅಂತ. ಉಲ್ಟಾ ಹಾಕಿಬಿಟ್ರಾ?"

ಅವರು ಹಾಳೆ ನೋಡಲಿಲ್ಲ. ನನ್ನ ಮುಖ ನೋಡಿದರು. "ಹಂಗಾದ್ರೆ ಎಷ್ಟ್ ಹಾಕ್ಬೇಕವ್ವ?"

"ನಿಮಗೆ ಅನ್ಸಿದ್ದು ಹಾಕಿ" ಅಂದೆ. ಬಾಯಲ್ಲಿ ಹೇಳಿದ್ದು ಹಾಗೆ. ನನ್ನ ಬೆರಳು ಆಗಲೇ 3ರ ಹತ್ತಿರ ಇತ್ತು. ಅವರು ಬೆರಳು ನೋಡಿ 3ಕ್ಕೆ ಸುತ್ತು ಹಾಕಿದರು. ಹಳೆಯದಕ್ಕೆ ಒಂದೇ ಗೆರೆ, ಪಕ್ಕದಲ್ಲಿ ಸಹಿ, ತಾರೀಕು. ಎಲ್ಲಾ ಸಂಶೋಧನೆಯ ನಿಯಮಾವಳಿ ಜಿಸಿಪಿ ಪ್ರಕಾರವೇ. ಮಾರ್ಜಿನ್‌ನಲ್ಲಿ 'ವಿಚಾರಿಸಿದ ಮೇಲೆ ಪೇಷಂಟ್ ತಿದ್ದಿದ್ದಾರೆ' ಅಂತ ಬರೆದೆ. ಆಮೇಲೆ ಥೆನ್-ಟೆಸ್ಟ್ ಕೊಟ್ಟೆ. ಅದರಲ್ಲಿ ಬೇಸ್‌ಲೈನ್ ದಿನದ ಜೀವನಕ್ಕೆ 2 ಹಾಕಿದರು. 5 ಹಾಕಿದ್ದು ಮರೆತಿದ್ದಾರೆ ಅಂದುಕೊಂಡು ಫೈಲ್ ಮುಚ್ಚಿದೆ.

ಒಂದೂವರೆ ತಿಂಗಳಾದ ಮೇಲೆ ಮಾನಿಟರ್ ವಿಸಿಟ್, ಅಂದರೆ ಸ್ಟಡಿಯ ದಾಖಲೆಗಳ ತಪಾಸಣೆ. ಮೂಲ ಫಾರ್ಮ್‌ಗಳನ್ನು ನೋಡುತ್ತಾ ಬಂದ ಮಾನಿಟರ್ ಮೇಡಂ ಆ ಪುಟದಲ್ಲಿ ನಿಂತರು.

"6 ಯಾಕೆ 3 ಆಯ್ತು?"

"ಪೇಷಂಟ್‌ಗೆ ಸ್ಕೇಲ್ ಕನ್ಫ್ಯೂಸ್ ಆಗಿತ್ತು ಮೇಡಂ."

"ಅವರೇ ಹಾಗಂದ್ರಾ?"

ನಾನು ಸುಮ್ಮನಾದೆ. ಅವರೂ ಸುಮ್ಮನಾದರು. ಬೆರಳು ಮಾತ್ರ ಆ ಗೆರೆ ಎಳೆದ 6ರ ಮೇಲೆ ಹಾಗೇ ಇತ್ತು. ಆ ಹೊತ್ತು ಎಷ್ಟು ಉದ್ದ ಅನಿಸಿತು ಅಂದರೆ, ಹೊರಗೆ ಓಪಿಡಿಯಲ್ಲಿ ಟೋಕನ್ ನಂಬರ್ ಕೂಗುವುದು ಒಂದೊಂದೇ ಕೇಳುತ್ತಿತ್ತು. 41. 42. ತಿದ್ದಿದ ದಿನ ರೂಮಿನಲ್ಲಿ ನಾನು, ಯಜಮಾನರು ಇಬ್ಬರೇ ಇದ್ದದ್ದು. ಯಜಮಾನರು ಊರಲ್ಲಿದ್ದಾರೆ. ಫಾರ್ಮಿನ ಮೇಲೆ ಅವರದೇ ಸಹಿ ಇದೆ. ಹೌದು ಅಂದರೆ ಅಲ್ಲಿಗೆ ಮುಗಿಯಿತು. ನಾಲಿಗೆ ತುದಿವರೆಗೆ ಬಂದಿತ್ತು ಆ ಹೌದು. 43 ಕೂಗಿದರು.

"ಇಲ್ಲ ಮೇಡಂ. ನಾನೇ ಕೇಳಿದೆ. ಬೆರಳೂ ನಾನೇ ಇಟ್ಟೆ."

ಬೈಯಬಹುದು ಅಂದುಕೊಂಡಿದ್ದೆ. ಅವರು ಒಂದು ಖಾಲಿ ಹಾಳೆ ತಗೊಂಡು ನಾಲ್ಕು ಅಂಕಿ ಬರೆದರು: 5, 6, 3, 2. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ.

ಅವತ್ತು 5, ಈಗ 6. ಸುಮ್ನೆ ಕಳೆದರೆ ಒಂದು ಮೆಟ್ಟಿಲು ಮೇಲೆ. ಆದರೆ ಈಗಿನ ಕಣ್ಣಿಂದ ನೋಡಿದರೆ ಅವತ್ತಿನದು ಅವರಿಗೆ 5 ಅಲ್ಲ, 2. ಅಂದರೆ ಅಳೆಯುವ ಸೇರೇ ಮೂರು ಮೆಟ್ಟಿಲು ಸರಿದಿದೆ. ಅದೇ ಸೇರಿನಲ್ಲಿ ಎರಡೂ ಅಳೆದರೆ 2ರಿಂದ 6, ನಾಲ್ಕು ಮೆಟ್ಟಿಲು ಏರಿಕೆ. ಇದಕ್ಕೇ ಥೆನ್-ಟೆಸ್ಟ್ ಇಟ್ಟಿದ್ದು. ಈಗ ನನ್ನ 3 ಹಾಕಿ ನೋಡಿ. 5ರಿಂದ 3, ಹದಗೆಟ್ಟಿದೆ. 2ರಿಂದ 3, ಹೆಚ್ಚೇನೂ ಆಗಿಲ್ಲ. ಕೊನೆಯ ಎರಡು ಪ್ರಶ್ನೆ ಸೇರಿಸಿ 0ರಿಂದ 100ಕ್ಕೆ ಸ್ಕೋರ್ ಮಾಡುತ್ತಾರೆ. ಒಂದು ಪ್ರಶ್ನೆಯಲ್ಲಿ ಮೂರು ಮೆಟ್ಟಿಲು ಇಳಿಸಿದರೆ ಸ್ಕೋರ್ 25 ಇಳಿಯುತ್ತದೆ. 10 ಬದಲಾದರೇನೇ ಪೇಷಂಟ್‌ಗೆ ಗೊತ್ತಾಗುವಂಥ ವ್ಯತ್ಯಾಸ ಅಂತ ಲೆಕ್ಕ ಹಿಡಿಯುವ ಕಡೆ ನಾನು 25 ಇಳಿಸಿದ್ದೆ. ಒಂದು ಬೆರಳಿನಿಂದ.

ಆ ರಾತ್ರಿ ಕೂತು ಓದಿದೆ. ಟ್ರೈನಿಂಗ್ ದಿನವೇ ಓದಬೇಕಿತ್ತು. ಹೀಗೆ ಅಳೆಯುವ ಸೇರೇ ಸರಿಯುವ ವಿಚಾರ ಶುರುವಾದದ್ದು ಆಸ್ಪತ್ರೆಯಲ್ಲಿ ಅಲ್ಲ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಹೋವರ್ಡ್ ಮತ್ತು ಜೊತೆಗಾರರು ತರಬೇತಿಯಿಂದ ಎಷ್ಟು ಉಪಯೋಗ ಆಯಿತು ಅಂತ ಅಳೆಯುವಾಗ ಇದೇ ತೊಡಕಿಗೆ ಸಿಕ್ಕಿಕೊಂಡರು. ತರಬೇತಿ ಮುಗಿಸಿದವರಿಗೆ ತಮಗೆ ಎಷ್ಟು ಗೊತ್ತಿರಲಿಲ್ಲ ಅನ್ನೋದು ಆಗ ಗೊತ್ತಾಗುತ್ತದೆ. ಹಾಗಾಗಿ ಮೊದಲು ಕೊಟ್ಟುಕೊಂಡ ಅಂಕದ ಅರ್ಥವೇ ಬದಲಾಗುತ್ತದೆ. 1999ರಲ್ಲಿ ಸಂಶೋಧಕಿಯರಾದ ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಕ್ಯಾರೊಲಿನ್ ಶ್ವಾರ್ಟ್ಸ್ ಇದನ್ನು ರೋಗಿಗಳ ಜೀವನಕ್ಕೆ ತಂದು ಮೂರು ಬಗೆ ಹೇಳಿದರು. ಅಳತೆಗೋಲು ಸರಿಯುವುದು, ಯಾವುದು ಮುಖ್ಯ ಅನ್ನೋದು ಬದಲಾಗುವುದು, ಚೆನ್ನಾಗಿರುವುದು ಅಂದರೇನು ಅನ್ನೋದರ ಅರ್ಥವೇ ಬೇರೆಯಾಗುವುದು. ರೆಸ್ಪಾನ್ಸ್ ಶಿಫ್ಟ್ ಅಂತಾರೆ.

ಓದಿದ್ದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಯಜಮಾನರು ಹಲ್ಲಿನ ಓಪಿಡಿಗೆ ಬಂದಾಗ ಹೋಗಿ ಕ್ಷಮೆ ಕೇಳಿದೆ. ನಿಮ್ಮ 6 ಅನ್ನೇ ಉಳಿಸಿಕೊಂಡಿದ್ದೇವೆ ಅಂದೆ. ಹೌದು, ಸ್ಟಡಿಯ ಮುಖ್ಯಸ್ಥರಾದ ಪಿಐ ಸರ್ ಸ್ಟಡಿಯ ಕಂಪ್ಯೂಟರ್ ದಾಖಲೆಯಲ್ಲಿ (ಇಡಿಸಿ) ಮೊದಲು ಹಾಕಿದ್ದನ್ನೇ ಉಳಿಸಿದರು. ಫೈಲಿಗೆ ವಿವರಣೆಯ ಟಿಪ್ಪಣಿ, ನಿಯಮ ತಪ್ಪಿದ್ದರ ವರದಿ, ಎಥಿಕ್ಸ್ ಕಮಿಟಿಗೆ ಪತ್ರ, ಎಲ್ಲಾ ಆಯಿತು.

ಯಜಮಾನರು ಒಂದು ಗುಟುಕು ನೀರು ಕುಡಿದು ಹೇಳಿದರು: "ಸುಸ್ತು ಅಂದ್ರೆ ಸೊಪ್ಪಿನ ಹೊರೆ ಹೊತ್ಕೊಂಡ್ ಬಂದ್ರೆ ಆಗೋದು ಅನ್ಕಂಡಿದ್ದೆ ಕಣವ್ವ. ಕರೆಂಟು ಕೊಟ್ಟ ಕಡೇ ವಾರ ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರಕ್ಕಾಗ್ತಿರ್ಲಿಲ್ಲ. ಸುಸ್ತು ಅಂದ್ರೆ ಅದು. ಆವಾಗ ಜೀವ್ನ ಅಂದ್ರೆ ಬೆಳೆ, ಗೂಡಿನ ರೇಟು, ಅಷ್ಟೇಯ. ಈಗ ಹುಳದ ಮನೇಲಿ ಕೂತ್ಕಂಡು ಮೊಮ್ಮಗಳಿಗೆ ಹೇಳ್ಕೊಡ್ತೀನಿ. ಮಾತು ಉಳೀತಲ್ಲ." ಆಮೇಲೆ ಮೆಲ್ಲಗೆ, "ಮೊದಲ್ನೇ ದಿನ ಹೆಂಡ್ತಿ ಪಕ್ಕದಲ್ಲಿದ್ಲು. ಅದಕ್ಕೇ 5 ಹಾಕ್ದೆ" ಅಂದರು.

ಆ ಕೊನೆಯ ಮಾತು ನನ್ನನ್ನು ಮತ್ತೆ ನಿಲ್ಲಿಸಿತು. ಹಾಗಾದರೆ ಆ ಮೂರು ಮೆಟ್ಟಿಲಿನಲ್ಲಿ ಸೇರು ಬದಲಾದದ್ದು ಎಷ್ಟು, ಹೆಂಡತಿಗಾಗಿ ಮುಚ್ಚಿಟ್ಟದ್ದು ಎಷ್ಟು, ನೆನಪು ಮಸುಕಾದದ್ದು ಎಷ್ಟು? ಥೆನ್-ಟೆಸ್ಟ್ ಒಂದರಿಂದ ಇದನ್ನು ಬಿಡಿಸಲು ಆಗುವುದಿಲ್ಲ. ಕಷ್ಟಪಟ್ಟು ಚಿಕಿತ್ಸೆ ತಗೊಂಡವರಿಗೆ ಮೊದಲಿನದು ಇನ್ನೂ ಕೆಟ್ಟದಾಗಿತ್ತು ಅಂತ ಅನಿಸುವುದೂ ಇರುತ್ತದೆ. ಅದಕ್ಕೇ ಈಗ ಬೇಸ್‌ಲೈನ್ ದಿನ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ. ಫಾರ್ಮ್ ವಾಪಸ್ ಬಂದರೆ ಯಾವುದಾದರೂ ಪ್ರಶ್ನೆ ಖಾಲಿ ಬಿಟ್ಟಿದ್ದಾರಾ ಅಂತ ಮಾತ್ರ ನೋಡುತ್ತೇನೆ. ಉತ್ತರ ಒಂದಕ್ಕೊಂದು ಹೊಂದದಿದ್ದರೆ ಹಾಗೇ ಬಿಡುತ್ತೇನೆ.

ಇದನ್ನು ನಮಗೆ ಮೊದಲೇ ಹೇಳಿಕೊಡಬೇಕಿತ್ತು. ಪ್ರಾಜೆಕ್ಟ್ ಮೀಟಿಂಗಿನಲ್ಲಿ ಪ್ರತಿ ಸಲ ಕೇಳುವುದು ಎಷ್ಟು ವಿಸಿಟ್ ಆಯಿತು, ಮಿಸ್ಸಿಂಗ್ ಎಷ್ಟು, ಕ್ವೆರಿ ಎಷ್ಟು ಬಾಕಿ, ಇಷ್ಟೇ. ಸಿಸ್ಟಮ್ ಕೂಡ ಹೊಂದದ ಅಂಕಿ ಕಂಡರೆ ಸಾಕು, ಕೆಂಪು ಬಾವುಟ ಹಾರಿಸುತ್ತದೆ. ರಕ್ತದ ರಿಪೋರ್ಟಿಗೆ ಅದು ಸರಿ. ಬಾಯಿ ಒಣಗಿಯೂ ಬದುಕು ಚೆನ್ನಾಗಿದೆ ಅನ್ನುವ ಮನುಷ್ಯನಿಗೆ ಅದು ಸರಿಯಲ್ಲ.

ಒಂದು ವರ್ಷದ ವಿಸಿಟ್‌ಗೆ ಯಜಮಾನರು ಒಬ್ಬರೇ ಬಸ್ಸಿನಲ್ಲಿ ಬಂದರು. ಕಾಲರ್ ಸ್ವಲ್ಪ ಬಿಗಿಯಾಗಿತ್ತು. ಫಾರ್ಮ್ ಕೊಟ್ಟೆ. 29 ಪ್ರಶ್ನೆ ಚಕಚಕ ಮುಗಿಸಿದರು. 30ಕ್ಕೆ ಬಂದು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು.

"ಈ ಸಲ ಎಷ್ಟ್ ಹಾಕ್ಲವ್ವ?"

ನಾನು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯನ್ನು ಕಿಟಕಿ ಕಡೆಗೆ ತಿರುಗಿಸಿದೆ. ತುಂಬಾ ಹೊತ್ತು ಪೆನ್ನಿನ ಸದ್ದು ಕೇಳಲಿಲ್ಲ.