ಹಾಡು ಬೇಕೋ, ಹರಕು ಸ್ವೆಟರ್ ಬೇಕೋ?

ನಾನು ಅಮೆರಿಕದ ಸಿಯಾಟಲ್ ಪಕ್ಕದ ಊರೊಂದರಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ತೀರ್ಥಹಳ್ಳಿಯ ಕಡೆಯಿಂದ ಬರುವ ನೆಂಟರಿಂದ ಹಿಡಿದು ಕಚೇರಿಗೆ ಹೊಸದಾಗಿ ಸೇರುವ ಕನ್ನಡದ ಹುಡುಗರವರೆಗೆ, ನನ್ನ ಸಂಗೀತದ ಹುಚ್ಚು ತಿಳಿದವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದಿದೆ: ‘ತೊಂಬತ್ತರ ದಶಕದ ಗ್ರಂಜ್ ಎಂಬ ಆ ಸಿಯಾಟಲಿನ ರಾಕ್ ಸಂಗೀತವೆಂದರೆ ನಿಮಗಿನ್ನೂ ಇಷ್ಟೊಂದು ಹಂಬಲವೇಕೆ? ನಿಮಗೆ ಹಿಡಿಸಿದ್ದು ಹಾಡೋ, ಆ ಹರಕು ಜೀನ್ಸು ಮತ್ತು ಚೆಕ್ಸ್ ಅಂಗಿಯ ವೇಷವೋ?’ ನನ್ನ ಭಾವ ಇದನ್ನೇ ಇನ್ನಷ್ಟು ನೇರವಾಗಿ ಕೇಳಿದ್ದರು: ‘ಅಲ್ಲ ಮಾರಾಯ, ಇಷ್ಟು ದುಡ್ಡಿರುವ ದೇಶದಲ್ಲಿ ಹರಕು ಬಟ್ಟೆ ಹಾಕಿಕೊಳ್ಳುವ ದರ್ದು ಅವರಿಗೇನಿತ್ತು?’

ಭಾವನ ಪ್ರಶ್ನೆಯಿಂದಲೇ ಹೊರಡುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರವೂ ಅದರೊಳಗೇ ಇದೆ. ಗ್ರಂಜಿನ ಹೆಸರಾಂತ ತಂಡ ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ 1967ರಲ್ಲಿ ಹುಟ್ಟಿದ ಅಬರ್ಡೀನ್, ಸಿಯಾಟಲಿನಿಂದ ನೈಋತ್ಯಕ್ಕೆ ಸುಮಾರು 170 ಕಿಲೋಮೀಟರ್ ದೂರದಲ್ಲಿರುವ, ಮರ ಕಡಿದು ಬದುಕಿದ ಊರು. ಅಲ್ಲಿಗೆ ದುಡ್ಡಿರುವ ದೇಶದ ದುಡ್ಡು ತಲುಪಿದ್ದು ಕಡಿಮೆ, ಬಂದದ್ದು ನಿಂತದ್ದು ಇನ್ನೂ ಕಡಿಮೆ. ಎಂಬತ್ತರ ದಶಕದ ಹೊತ್ತಿಗೆ ಮರದ ಉದ್ಯಮ ಕುಸಿಯುತ್ತಿತ್ತು. ಇಲ್ಲಿಯ ಮಳೆಯೂ ನಮ್ಮ ಆಗುಂಬೆಯ ಮಳೆಯಂತೆ ಸುರಿದು ಮುಗಿಯುವಂಥದ್ದಲ್ಲ. ವರ್ಷವಿಡೀ ಲೆಕ್ಕ ಹಾಕಿದರೂ ಸಿಯಾಟಲಿನಲ್ಲಿ ಬೀಳುವುದು ಸಾವಿರ ಮಿಲಿಮೀಟರಿನ ಒಳಗೆ. ಆದರೆ ಅಕ್ಟೋಬರಿನಿಂದ ವಸಂತದವರೆಗೆ ಅದು ಜಿನುಗುತ್ತಲೇ ಇರುತ್ತದೆ, ಥಂಡಿ ಮೈಗೆ ಹತ್ತುತ್ತದೆ. ಇಂಥ ಕಡೆ ಮರ ಕಡಿಯುವವರು ತೊಡುತ್ತಿದ್ದ ಫ್ಲಾನೆಲ್ ಎಂಬ ಬೆಚ್ಚನೆಯ ಬಟ್ಟೆಯ ಚೆಕ್ಸ್ ಅಂಗಿ ಹಳೆ ಬಟ್ಟೆಯಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ಬನಿಯನ್ನಿನ ಮೇಲೆ ಟೀ ಶರ್ಟು, ಅದರ ಮೇಲೆ ಫ್ಲಾನೆಲ್, ಚಳಿ ಹೆಚ್ಚಾದರೆ ಯಾರದೋ ಅಜ್ಜನ ಸ್ವೆಟರು, ಹೀಗೆ ಪದರ ಪದರವಾಗಿ ತೊಡುವುದು ಇಲ್ಲಿಯ ಬಡ ಹುಡುಗರ ರೂಢಿಯಾಗಿತ್ತು. ಕೊಬೇನನಿಗಂತೂ ತಾನು ತೀರ ಸಣಕಲ ಎಂಬ ಸಂಕೋಚವೂ ಸೇರಿತ್ತು. ನಮ್ಮ ಕಡೆ ತೋಟಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಾವನಿಗೂ ಇಷ್ಟೇ ಹೇಳಿದೆ. ಅವರು ‘ಹಾಗೆ ಹೇಳು ಮತ್ತೆ’ ಎಂದು ಸುಮ್ಮನಾದರು.

ಅದು ವೇಷವಾಗಿ ಬದಲಾದದ್ದಕ್ಕೆ ತಿಂಗಳು, ವರ್ಷ ಹೇಳಬಹುದು: 1992ರ ನವೆಂಬರ್. ಆ ತಿಂಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಗ್ರಂಜ್ ಕುರಿತ ಲೇಖನವೊಂದನ್ನು ಪ್ರಕಟಿಸಿ, ಜೊತೆಗೆ ಸಿಯಾಟಲಿನ ಹುಡುಗರು ಆಡುವ ಮಾತುಗಳದೆಂದು ಪುಟ್ಟ ಪದಕೋಶವನ್ನೂ ಕೊಟ್ಟಿತು. ಹರಿದ ಹಳೆ ಜೀನ್ಸಿಗೆ ‘ವ್ಯಾಕ್ ಸ್ಲ್ಯಾಕ್ಸ್’ ಎನ್ನುತ್ತಾರೆ, ಕೆಲಸವಿಲ್ಲದೆ ಅಡ್ಡಾಡುವುದಕ್ಕೆ ‘ಸ್ವಿಂಗಿಂಗ್ ಆನ್ ದ ಫ್ಲಿಪಿಟಿ ಫ್ಲಾಪ್’ ಎನ್ನುತ್ತಾರೆ ಎಂದೆಲ್ಲ ಅದರಲ್ಲಿತ್ತು. ಹಾಗೆ ಯಾರೂ ಅನ್ನುತ್ತಿರಲಿಲ್ಲ. ಸಬ್ ಪಾಪ್ ಎಂಬ ಇಲ್ಲಿಯ ರೆಕಾರ್ಡ್ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಮೇಗನ್ ಜ್ಯಾಸ್ಪರ್ ಎಂಬಾಕೆ, ಫೋನಿನಲ್ಲಿ ಪತ್ರಕರ್ತರು ಕೇಳಿದ್ದಕ್ಕೆಲ್ಲ ಬಾಯಿಗೆ ಬಂದ ಪದ ಹೊಸೆದು ಕೊಟ್ಟಿದ್ದಳು. ಇಷ್ಟಾದ ಮೇಲಾದರೂ ಆಚೆಯವರು ನಕ್ಕು ಫೋನ್ ಇಡುತ್ತಾರೆಂದುಕೊಂಡರೆ, ಅವರು ಒಂದೊಂದನ್ನೂ ಬರೆದುಕೊಂಡರು. ಮುಂದೆ ಅದೇ ಕಂಪನಿಯ ಮುಖ್ಯಸ್ಥೆಯೂ ಆದ ಈಕೆಯ ಈ ಕೀಟಲೆ, ಗ್ರಂಜ್ ಬಗ್ಗೆ ಬಂದಿರುವ ಗಂಭೀರ ಬರಹಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ ಎಂಬುದು ನನ್ನ ಎಣಿಕೆ. ಅದೇ ತಿಂಗಳು ನ್ಯೂಯಾರ್ಕಿನಲ್ಲಿ ಮಾರ್ಕ್ ಜೇಕಬ್ಸ್ ಎಂಬ ವಿನ್ಯಾಸಕ, ಪೆರಿ ಎಲಿಸ್ ಸಂಸ್ಥೆಗಾಗಿ ಸಿದ್ಧಪಡಿಸಿದ ಗ್ರಂಜ್ ಉಡುಪುಗಳನ್ನು ರೂಪದರ್ಶಿಯರಿಗೆ ತೊಡಿಸಿ ನಡೆಸಿದ. ಫ್ಲಾನೆಲ್ಲಿನಂತೆಯೇ ಕಾಣುವ ಅಂಗಿಗಳು ಅಲ್ಲಿ ರೇಷ್ಮೆಯವಾಗಿದ್ದವು. ವಿಮರ್ಶಕರು ಹರಿಹಾಯ್ದರು, ಕೆಲವೇ ತಿಂಗಳಲ್ಲಿ ಅವನ ಕೆಲಸವೂ ಹೋಯಿತು. ಅವನು ಕಳುಹಿಸಿಕೊಟ್ಟ ಬಟ್ಟೆಗಳನ್ನು ತಾನೂ ಕೊಬೇನನೂ ಸುಟ್ಟುಹಾಕಿದೆವು ಎಂದು ಕೊಬೇನನ ಹೆಂಡತಿ ಕೋರ್ಟ್ನಿ ಲವ್ ಎಷ್ಟೋ ವರ್ಷಗಳ ನಂತರ ಹೇಳಿದಳು. 2018ರಲ್ಲಿ ಅದೇ ವಿನ್ಯಾಸಗಳನ್ನು ಜೇಕಬ್ಸ್ ಮತ್ತೆ ಹೊಲಿಸಿ ಮಾರಾಟಕ್ಕಿಟ್ಟಾಗ ಮಾತ್ರ ವಿಮರ್ಶಕರು ಹಾಗೆ ಹರಿಹಾಯಲಿಲ್ಲ.

ಹಾಗೆಂದು ಸಿಯಾಟಲಿನವರು ಮುಗ್ಧರು, ನ್ಯೂಯಾರ್ಕಿನವರು ಬಂದು ಕೆಡಿಸಿದರು ಎಂಬ ಕಥೆಯನ್ನು ನಾನು ಒಪ್ಪುವುದಿಲ್ಲ. ಸಬ್ ಪಾಪ್ ನಡೆಸುತ್ತಿದ್ದ ಬ್ರೂಸ್ ಪ್ಯಾವಿಟ್ ಮತ್ತು ಜೊನಾಥನ್ ಪೋನ್‌ಮನ್ ಇಬ್ಬರೂ ಮಾರಾಟದ ಮರ್ಮ ಬಲ್ಲವರೇ. 1989ರಲ್ಲಿ ಇಂಗ್ಲೆಂಡಿನ ಸಂಗೀತ ಪತ್ರಿಕೆಯೊಂದರ ವರದಿಗಾರನಿಗೆ ವಿಮಾನದ ಖರ್ಚು ಕೊಟ್ಟು ಕರೆಸಿಕೊಂಡವರು ಅವರು. ‘ಲೂಸರ್’ ಎಂದು ಅಚ್ಚು ಹಾಕಿದ ಟೀ ಶರ್ಟು ಮಾರಿದವರೂ ಅವರೇ. ಕಾಡಿನ ಒರಟು ಹುಡುಗರೆಂಬ ಚಿತ್ರವನ್ನು ಹೊರಗಿನವರು ಕೊಳ್ಳುವ ಮೊದಲೇ ಇಲ್ಲಿಯವರು ಮಾರಲು ತೆಗೆದಿದ್ದರು.

ಇನ್ನು ಹಾಡಿನ ಮಾತು. 1994ರಲ್ಲಿ, ಬೆಂಗಳೂರಿನ ಹಾಸ್ಟೆಲಿನಲ್ಲಿ, ಗೆಳೆಯನೊಬ್ಬ ಯಾರದೋ ಸಿಡಿಯಿಂದ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ನಿರ್ವಾಣದ ‘ನೆವರ್‌ಮೈಂಡ್’ ಅನ್ನು ತುಂಬಿಕೊಟ್ಟ. ಬಿ ಬದಿಯನ್ನು ತುಂಬುವಾಗ ಅವನಿಗೆ ನಿದ್ದೆ ಹತ್ತಿದ್ದರಿಂದ ಟೇಪು ತನ್ನಷ್ಟಕ್ಕೆ ಓಡಿದೆ. ಕೊನೆಯ ಹಾಡು ಮುಗಿದ ಮೇಲೆ ಹತ್ತು ನಿಮಿಷ ಬರೀ ಸುಯ್ಯೆನ್ನುವ ಸದ್ದು. ನಾನೂ ಓದುತ್ತ ಅದನ್ನು ನಿಲ್ಲಿಸುವುದು ಮರೆತಿದ್ದೆ. ಒಮ್ಮೆಲೇ ಕೋಣೆ ಬೆಚ್ಚಿಬೀಳುವಂತೆ ಗಿಟಾರು ಗರ್ಜಿಸಿತು, ಒಂದು ನಿಮಿಷ ಆಗಿರಬಹುದು, ಟಕ್ಕೆಂದು ಟೇಪು ಮುಗಿಯಿತು. ತಂಡದವರು ಸಿಡಿಯ ಕೊನೆಯಲ್ಲಿ ಬೇಕೆಂದೇ ಅಡಗಿಸಿಟ್ಟ ಹಾಡದು, ಹೊದಿಕೆಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ ಎಂಬುದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನು ಆ ಒಂದು ನಿಮಿಷಕ್ಕಾಗಿ ಹತ್ತು ನಿಮಿಷ ಕಾಯುವುದನ್ನು ಕಲಿತಿದ್ದೆ.

ನನ್ನ ಹಂಬಲ ಇಂಥದ್ದಕ್ಕೆ. ನಿರ್ವಾಣದ ಮೊದಲ ಆಲ್ಬಮ್ ‘ಬ್ಲೀಚ್’ ಧ್ವನಿಮುದ್ರಣಕ್ಕೆ ಹಿಡಿದ ಖರ್ಚು 606 ಡಾಲರ್ 17 ಸೆಂಟ್. 1991ರ ಸೆಪ್ಟೆಂಬರಿನಲ್ಲಿ ‘ನೆವರ್‌ಮೈಂಡ್’ ಬಂದಾಗ ದೊಡ್ಡ ಕಂಪನಿಯೇ ಹೊರತಂದರೂ ಅಮೆರಿಕದ ಅಂಗಡಿಗಳಿಗೆ ಹೋದದ್ದು ಐವತ್ತು ಸಾವಿರಕ್ಕೂ ಕಡಿಮೆ ಪ್ರತಿಗಳು. ನಾಲ್ಕೇ ತಿಂಗಳೊಳಗೆ, 1992ರ ಜನವರಿಯಲ್ಲಿ, ಅದು ಮೈಕೆಲ್ ಜ್ಯಾಕ್ಸನ್ನನ ಆಲ್ಬಮನ್ನು ಮೊದಲ ಸ್ಥಾನದಿಂದ ಕೆಳಗಿಳಿಸಿತು. ಅದರ ಗುಟ್ಟೇನೆಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಗೊಣಗುವಷ್ಟು ಮೆಲ್ಲಗೆ ಸಾಗುವ ಚರಣ, ಅದರ ಬೆನ್ನಿಗೇ ಗಂಟಲು ಹರಿಯುವ ಪಲ್ಲವಿ. ಈ ತಂತ್ರವನ್ನು ಪಿಕ್ಸೀಸ್ ತಂಡದಿಂದ ಎತ್ತಿಕೊಂಡೆನೆಂದು ಕೊಬೇನನೇ ಒಪ್ಪಿಕೊಂಡಿದ್ದ. ಆದರೆ ಆ ತಂಡ ಇದನ್ನು ಆಟದಂತೆ ಆಡುತ್ತಿತ್ತು, ಇವನು ಹಾಡಿದಾಗ ಅದು ಹೊಟ್ಟೆಯ ಸಂಕಟವಾಯಿತು. ಬಟ್ಟೆಯ ಹಂಗಿಲ್ಲದೆ, ಕಣ್ಣು ಮುಚ್ಚಿ ಕೇಳಿದರೂ ಇದು ಇಂದಿಗೂ ನಿಲ್ಲುತ್ತದೆ.

ಬಟ್ಟೆ ಹಾಗೆ ನಿಲ್ಲಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ನಾನೂ ಒಂದು ಫ್ಲಾನೆಲ್ ಅಂಗಿ ಕೊಂಡಿದ್ದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಎಕ್ಸ್‌ಪೋರ್ಟ್ ರಿಜೆಕ್ಟ್ ರಾಶಿಯಿಂದ ಹೆಕ್ಕಿದ್ದು, ಎಡತೋಳು ಬಲಕ್ಕಿಂತ ಒಂದಿಂಚು ಗಿಡ್ಡ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದನ್ನು ತೊಟ್ಟು ಬೆವರುತ್ತ ತಿರುಗಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸಿಯಾಟಲಿನಲ್ಲಿ ಮೈ ಬೆಚ್ಚಗಿಡಲು ಹಾಕುತ್ತಿದ್ದದ್ದನ್ನು ನಾನು ಯಾರಾದರೂ ನೋಡಲಿ ಎಂದು ಹಾಕಿದ್ದೆ. ಕೊಬೇನ್ 1993ರ ನವೆಂಬರಿನಲ್ಲಿ ಎಂಟೀವಿಯ ಕಾರ್ಯಕ್ರಮಕ್ಕೆ ತೊಟ್ಟುಬಂದ ಮಾಸಲು ಹಸಿರು ಸ್ವೆಟರ್ 2019ರ ಹರಾಜಿನಲ್ಲಿ 3,34,000 ಡಾಲರಿಗೆ ಹೋಯಿತು. ಅದರ ಒಂದು ಗುಂಡಿ ಕಿತ್ತುಹೋಗಿದೆ, ಸಿಗರೇಟು ಸುಟ್ಟ ತೂತಿದೆ, ಜೇಬಿನ ಬಳಿ ಕಲೆಯಿದೆ, ಅದನ್ನು ಒಗೆದೂ ಇಲ್ಲ. ಒಗೆಯದೆ ಇಟ್ಟದ್ದಕ್ಕೇ ಅಷ್ಟು ಬೆಲೆ. ಕೊಬೇನ್ ಅದನ್ನು ಒಗೆಯದಿದ್ದದ್ದು ಸೋಮಾರಿತನಕ್ಕೆ ಇರಬಹುದು. ಈಗಿನ ಒಡೆಯರು ಒಗೆಯದಿರುವುದು ಭಕ್ತಿಗೆ.

ನೆಂಟರು ಬಂದಾಗ ನಾನು ಅವರನ್ನು ವಾಷಿಂಗ್ಟನ್ ಸರೋವರದ ಬಳಿ, ಕೊಬೇನ್ 1994ರ ಏಪ್ರಿಲಿನಲ್ಲಿ ತೀರಿಕೊಂಡ ಮನೆಯ ಪಕ್ಕದ ವಿರೆಟ್ಟಾ ಪಾರ್ಕಿಗೆ ಕರೆದೊಯ್ಯುತ್ತೇನೆ. ಅಲ್ಲಿಯ ಮರದ ಬೆಂಚುಗಳ ತುಂಬ ಅಭಿಮಾನಿಗಳ ಗೀಚುಬರಹ. ಹಿಂದಿನ ಸಲ ಹೋದಾಗ ಜಿನುಗುತ್ತಿತ್ತು. ಎಲ್ಲಿಂದಲೋ ಬಂದ ಇಬ್ಬರು ಹುಡುಗಿಯರು ಹೊಚ್ಚಹೊಸ ಚೆಕ್ಸ್ ಅಂಗಿ ತೊಟ್ಟು, ತೊಯ್ದು ನಡುಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಭಾವ ನನ್ನ ಕಡೆ ತಿರುಗಿ, ‘ನೀನ್ಯಾಕೆ ಅಂಥದ್ದು ಹಾಕಿಕೊಂಡು ಬರಲಿಲ್ಲ?’ ಎಂದು ಕೇಳಿದರು. ನೀರು ಇಳಿಯದ ಜಾಕೆಟ್ಟಿನ ಟೊಪ್ಪಿಯನ್ನು ಎಳೆದುಕೊಳ್ಳುತ್ತ, ಇಲ್ಲಿಯವರು ಮಳೆಗೆ ಈಗ ಹಾಕುವುದು ಇದನ್ನೇ ಎಂದೆ.