ಕ್ರೈಸೋಪರ್ಲಾ ತಿಂದವರು ಯಾರು?

ಧಾರವಾಡದ ಹತ್ತಿರ ಒಂದು ಸ್ಟ್ರಾಬೆರಿ ತೋಟಕ್ಕೆ ಮಿತ್ರಕೀಟ, ಅಂದ್ರೆ ಬೆಳೆ ಹಾಳು ಮಾಡೋ ಹುಳವನ್ನು ತಿನ್ನೋ ಹುಳ, ಬಿಡೋದು ನನ್ನ ಕೆಲಸ. ಗಿಡದ ರಸ ಹೀರೋ ಸಸ್ಯಹೇನು ಕಂಡ ಕೂಡಲೇ ಇಮಿಡಾ (ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ) ಹೊಡೆದು ಕೈ ತೊಳೆದುಕೊಳ್ಳೋಕೆ ಇಲ್ಲಿ ಆಗಲ್ಲ. ಹೂವು, ಕಾಯಿ, ಹಣ್ಣು ಮೂರೂ ಒಂದೇ ಗಿಡದಲ್ಲಿರುತ್ತವೆ. ದಿನ ಬಿಟ್ಟು ದಿನ ಹಣ್ಣು ಬಿಡಿಸ್ತಾರೆ. ಹೂವಿಗೆ ಜೇನು ಬೇರೆ ಬರ್ತವೆ. ಅದಕ್ಕೇ ಕ್ರೈಸೋಪರ್ಲಾ ಅನ್ನೋ ಮಿತ್ರಕೀಟ. ಇದರ ಮರಿ ಹೇನನ್ನು ಹಿಡಿದು ರಸ ಹೀರಿ ಸಿಪ್ಪೆ ಬಿಸಾಕುತ್ತೆ.

ಮೊಟ್ಟೆ ಪಾರ್ಸಲ್‌ನಲ್ಲಿ ಬರುತ್ತೆ. ಆಫೀಸಿನವರು ಶನಿವಾರವೇ ಹಾಕ್ತಾರೆ, ಭಾನುವಾರ ಪೂರ್ತಿ ಅದು ಹುಬ್ಬಳ್ಳಿ ಗೋಡೌನ್‌ನಲ್ಲಿ ಬಿದ್ದಿರುತ್ತೆ. ದಾರಿಯಲ್ಲೇ ಮೊಟ್ಟೆ ಒಡೆದರೆ ಮರಿಗಳು ಒಂದನ್ನೊಂದು ತಿಂದು ಮುಗಿಸ್ತವೆ. ಇದನ್ನ ಹೇಳಿ ಹೇಳಿ ಸಾಕಾಯ್ತು.

ಆ ಸಲ ಪಾರ್ಸಲ್ ಚೆನ್ನಾಗಿಯೇ ಬಂದಿತ್ತು. ಸಂಜೆ ಹೊತ್ತು, ಬಿಸಿಲು ಇಳಿದ ಮೇಲೆ ಬಿಟ್ಟಿದ್ದೆ. ಮುಂದಿನ ವಾರ ಎರಡನೇ ಕಂತು ಹಿಡಿದುಕೊಂಡು ಹೋಗಿ ಲೆನ್ಸ್ ಹಿಡಿದು ನೋಡಿದರೆ ಒಂದು ಮರಿಯೂ ಇಲ್ಲ! ಹೇನು ಮಾತ್ರ ಜಾಸ್ತಿಯಾಗಿ ಎಲೆಯೆಲ್ಲ ಜಿಗಿ ಜಿಗಿ. ಪಂಪ್‌ಹೌಸ್ ಪಕ್ಕ ಸ್ಪ್ರೇ ಕ್ಯಾನ್ ಒದ್ದೆಯಾಗಿತ್ತು. ನನಗೆ ಅಷ್ಟೇ ಸಾಕಾಯ್ತು.

"ಯಾರು ಔಷಧ ಹೊಡೆದಿದ್ದು?" ಅಂತ ಜೋರಾಗಿ ಕೇಳಿದೆ. ಹಣ್ಣು ಬಿಡಿಸ್ತಿದ್ದವರೆಲ್ಲ ಎದ್ದು ನಿಂತರು. ಯಾರೂ ಬಾಯಿ ಬಿಡಲಿಲ್ಲ. ನಾನು ಅದನ್ನೇ ತಪ್ಪೊಪ್ಪಿಗೆ ಅಂದುಕೊಂಡೆ.

"ನಾವ್ಯಾಕ ಹೊಡೀತೀವ್ರಿ ಸರ? ಕ್ಯಾನಿನಾಗ ಜೀವಾಮೃತ ಹಾಕಿದ್ವಿ," ಅಂದರು ಹಿರಿಯ ಅಕ್ಕ ಒಬ್ಬರು. ಜೀವಾಮೃತ ಅಂದ್ರೆ ಸಗಣಿ, ಗಂಜಲ ಹಾಕಿ ಮಾಡೋ ಗೊಬ್ಬರದ ನೀರು. ಮೂಸಿ ನೋಡಿದೆ, ಗಂಜಲದ ವಾಸನೆ. ಅಷ್ಟಕ್ಕೇ ಸುಮ್ನಾಗಬೇಕಿತ್ತು ಅಲ್ವಾ? ಇಲ್ಲ. "ಹಾಗಾದ್ರೆ ಹುಳ ಎಲ್ಲಿ ಹೋದ್ವು?" ಅಂತ ಅವರನ್ನೇ ಕೇಳುತ್ತಾ ಮ್ಯಾನೇಜರ್‌ಗೆ ಫೋನ್ ಹಚ್ಚಿದೆ. ಅವರು ಎಂದಿನಂತೆ "ಫೋಟೋ ಹಾಕಿ" ಅಂದು ಇಟ್ಟರು.

ಫೋಟೋಕ್ಕೆ ಅಂತ ಒಂದು ಗಿಡದ ಮೇಲೆ ಹೊಸ ಮೊಟ್ಟೆ ಉದುರಿಸಿ ಕೂತೆ. ಅಕ್ಕ ಬಗ್ಗಿ ನೋಡಿದವರೇ, "ಇಲ್ನೋಡ್ರಿ ಸರ, ಇರುವಿ ಹೊತ್ಕೊಂಡು ಹೊಂಟಾವ."

ಮಡಿಗೆ ಹೊದಿಸಿದ ಮಲ್ಚಿಂಗ್ ಹಾಳೆಯ ತೂತಿನಿಂದ ಸಣ್ಣ ಕಪ್ಪು ಇರುವೆ ಸಾಲಾಗಿ ಎಲೆ ಕಾಂಡ ಹತ್ತುತ್ತಿದ್ದವು. ಒಂದೊಂದೂ ಒಂದು ಮೊಟ್ಟೆ ಕಚ್ಚಿಕೊಂಡು ಅದೇ ತೂತಿಗೆ ಇಳೀತಿತ್ತು. ಹೇನು ಬಿಡೋ ಸಿಹಿ ಅಂಟು ಇರುವೆಗೆ ಊಟ. ಅದಕ್ಕೇ ಗೌಳಿಗರು ಎಮ್ಮೆ ಕಾಯೋ ಹಾಗೆ ಅವು ಹೇನನ್ನು ಕಾಯ್ತವೆ, ತಿನ್ನೋಕೆ ಬಂದವರನ್ನ ಓಡಿಸ್ತವೆ, ಮೊಟ್ಟೆ ಸಿಕ್ಕರೆ ಹೊತ್ತೊಯ್ಯುತ್ತವೆ. ಇದು ನಾನು ಓದಿದ್ದೇ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಉಳಿದ ಮೊಟ್ಟೆ ಅವತ್ತು ಬಿಡಲಿಲ್ಲ. ಬೆಲ್ಲದ ನೀರಿಗೆ ಚೂರೇ ಚೂರು ಬೋರಿಕ್ ಪೌಡರ್ (ಕ್ಯಾರಂ ಆಡೋರು ಹಾಕ್ತಾರಲ್ಲ, ಅದೇ) ಬೆರೆಸಿ, ಮುಚ್ಚಳದ ಡಬ್ಬಿಗೆ ಇರುವೆ ಹೋಗುವಷ್ಟೇ ತೂತು ಮಾಡಿ ಮಡಿಗಳ ಅಂಚಿಗೆ ಇಟ್ಟೆವು. ತೂತು ದೊಡ್ಡದಾದರೆ ಜೇನುಹುಳವೂ ಒಳಗೆ ಹೋಗುತ್ತೆ. ಪುಡಿ ಜಾಸ್ತಿಯಾದರೆ ಇರುವೆ ಗೂಡು ಮುಟ್ಟೋ ಮೊದಲೇ ಸಾಯ್ತವೆ, ಗೂಡು ಹಾಗೇ ಉಳಿಯುತ್ತೆ. ಸಾಲು ತೆಳುವಾದ ಮೇಲೆ ಬಿಟ್ಟ ಕಂತಿನಲ್ಲಿ ಮರಿ ಕಂಡವು.

ಈಗ ಹುಳ ಬಿಡೋ ಮೊದಲು ಮಲ್ಚಿಂಗ್ ಎತ್ತಿ ಇರುವೆ ನೋಡ್ತೀನಿ. ನಮ್ಮ ಆಪ್‌ನಲ್ಲಿ ಮಾತ್ರ ಎಷ್ಟು ಬಿಟ್ಟಿರಿ ಅನ್ನೋದಕ್ಕೆ ಕಾಲಂ ಇದೆ, ಎಷ್ಟು ಉಳಿದವು ಅನ್ನೋದಕ್ಕಿಲ್ಲ. ಇರುವೆಗೆ ಒಂದು ಕಾಲಂ ಕೊಡಿ ಅಂತ ಕೇಳಿದೆ. "'ಇತರೆ'ಯಲ್ಲಿ ಬರೀರಿ" ಅಂದರು. ಅದರಲ್ಲಿ ಒಂದು ಸಾಲೂ ಪೂರ್ತಿ ಹಿಡಿಸಲ್ಲ.