ಲಕ್ಷದ್ವೀಪದ ಎಂಪಿ ಅಂದ್ರೆ ನಮ್ಮೂರಿನ ಕಾರ್ಪೊರೇಟರ್ ಇದ್ದ ಹಾಗೆ ಅಲ್ವಾ?

ಲಕ್ಷದ್ವೀಪದ ಎಂಪಿಯಾಗಿದ್ದ ಪಿ.ಎಂ. ಸಯೀದ್ ಅವರ ಮಾತು ತೆಗೆದಾಗಲೆಲ್ಲ ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. "ಒಂದೇ ಕ್ಷೇತ್ರದಿಂದ ಹತ್ತು ಸಲ ಗೆದ್ದರು, ಸರಿ. ಆದರೆ ಎಷ್ಟು ಜನ ಇದ್ದಾರೆ ಅಲ್ಲಿ? ಒಬ್ಬ ಕಾರ್ಪೊರೇಟರ್ ಗೆದ್ದ ಹಾಗೆ ಅಲ್ವಾ?"

ಲೆಕ್ಕ ನೋಡಿದರೆ ಹಾಗೇ ಅನ್ನಿಸುತ್ತದೆ. ನಮ್ಮ ದಕ್ಷಿಣ ಕನ್ನಡ ಕ್ಷೇತ್ರದಲ್ಲಿ 18 ಲಕ್ಷ ದಾಟಿದ ಮತದಾರರಿದ್ದಾರೆ. ಲಕ್ಷದ್ವೀಪದಲ್ಲಿ 2011ರ ಗಣತಿಯಂತೆ ಮಕ್ಕಳು ಮರಿ ಎಲ್ಲ ಸೇರಿ 64,473 ಜನ. ನೆಲ ಒಟ್ಟು 32 ಚದರ ಕಿಲೋಮೀಟರ್. ಜನ ಇರುವುದು ಹತ್ತು ದ್ವೀಪಗಳಲ್ಲಿ.

ಆದರೂ ನನ್ನ ಉತ್ತರ ಅಲ್ಲ ಅಂತಲೇ.

ಮಂಗಳೂರಿನ ಹಳೆ ಬಂದರಿನ ದಕ್ಕೆಗೆ ಒಮ್ಮೆ ಹೋಗಿ ನಿಂತು ನೋಡಿ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಸರಕಿನ ದೊಡ್ಡ ದೋಣಿಗಳಿಗೆ, ಸಾಮಾನು ತುಂಬುತ್ತಿರುತ್ತಾರೆ. ಅಕ್ಕಿ, ಈರುಳ್ಳಿ, ಸಿಮೆಂಟ್, ಕೊನೆಗೆ ಜಲ್ಲಿ ಕೂಡ. ಮನೆ ಕಟ್ಟಲು ಬೇಕಾದ ಕಲ್ಲೂ ಸಮುದ್ರ ದಾಟಿಯೇ ಹೋಗಬೇಕು. ಮಳೆಗಾಲ ಶುರುವಾದರೆ ಮಂಜಿಗಳು ನಿಲ್ಲುತ್ತವೆ. ಅಷ್ಟರೊಳಗೆ ಅಲ್ಲಿಗೆ ದಾಸ್ತಾನು ಮುಟ್ಟಿರಬೇಕು. ಮುಟ್ಟದಿದ್ದರೆ ಅಲ್ಲಿನವರು ಯಾರನ್ನು ಕೇಳಬೇಕು? ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ಶಾಸಕರಿಲ್ಲ, ಮುಖ್ಯಮಂತ್ರಿ ಇಲ್ಲ. ಆಡಳಿತ ನಡೆಸುವವರು ಕೇಂದ್ರ ಸರ್ಕಾರ ನೇಮಿಸಿದ ಅಡ್ಮಿನಿಸ್ಟ್ರೇಟರ್. ಪಂಚಾಯತಿಗಳು ಬಂದದ್ದೇ 1990ರ ದಶಕದಲ್ಲಿ. ಜನ ವೋಟು ಹಾಕಿ ದೆಹಲಿಗೆ ಕಳಿಸುವುದು ಒಬ್ಬರನ್ನು ಮಾತ್ರ. ಕಾರ್ಪೊರೇಟರ್, ಶಾಸಕ, ಮಂತ್ರಿ ಎಲ್ಲರ ಬಾಗಿಲಿಗೆ ಹೋಗುವ ದೂರು ಅಲ್ಲಿ ಆ ಒಬ್ಬರ ಬಾಗಿಲಿಗೇ ಬರುತ್ತದೆ.

ಸಯೀದ್ ಹುಟ್ಟಿದ್ದು 1941ರಲ್ಲಿ, ಆಂದ್ರೋತ್ ದ್ವೀಪದಲ್ಲಿ. ಓದಿದ್ದು ಇಲ್ಲೇ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಹಂಪನಕಟ್ಟೆಯ ಆ ಕಾಲೇಜಿನ ಮುಂದೆ ದಿನಾ ಓಡಾಡುವ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ನಂಟು ಇನ್ನೂ ಹಳೆಯದು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರ್ ಅಲ್ಲಿಯ ಆಡಳಿತ ನೋಡಿಕೊಳ್ಳಲು ಮಣೇಗಾರ ಅನ್ನುವ ಅಧಿಕಾರಿಯನ್ನು ಕಳಿಸುತ್ತಿದ್ದರು. ಆದರೆ ಸಯೀದ್ ಹುಟ್ಟಿದ ಆಂದ್ರೋತ್ ಮಲಬಾರ್ ಜಿಲ್ಲೆಯ ಕಡೆ.

1967ಕ್ಕೆ ಮುಂಚೆ ಲಕ್ಷದ್ವೀಪದ ಜನ ಲೋಕಸಭೆಗೆ ವೋಟು ಹಾಕಿದ್ದೇ ಇಲ್ಲ. ರಾಷ್ಟ್ರಪತಿಗಳೇ ಒಬ್ಬರನ್ನು ನಾಮನಿರ್ದೇಶನ ಮಾಡುತ್ತಿದ್ದರು. ಮೊದಲ ಸಲ ಚುನಾವಣೆ ನಡೆದಾಗ ಸಯೀದ್ ಪಕ್ಷೇತರರಾಗಿ ನಿಂತು ಗೆದ್ದರು. ಆಗ ಅವರಿಗೆ ಇನ್ನೂ 26 ತುಂಬಿರಲಿಲ್ಲ. 1971ರಲ್ಲಿ ಎದುರಾಳಿಯೇ ಇಲ್ಲದೆ ಆಯ್ಕೆಯಾದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋದಾಗಲೂ ಅಷ್ಟರಲ್ಲಿ ಕಾಂಗ್ರೆಸ್ಸಿನಲ್ಲಿದ್ದ ಇವರು ಗೆದ್ದರು. ಹಾಗೆ 1999ರವರೆಗೆ ಹತ್ತು ಸಲ. ನಡುವೆ ನರಸಿಂಹ ರಾವ್ ಸರ್ಕಾರದಲ್ಲಿ ರಾಜ್ಯ ಸಚಿವರಾಗಿದ್ದರು, 1998ರಲ್ಲಿ ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಆದರು.

ನನಗೆ ಮರೆಯಲಾಗದ ವರ್ಷ 2002. ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಬಾಲಯೋಗಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಸದನ ನಡೆಸುವ ಹೊಣೆ ಸಯೀದ್ ಹೆಗಲಿಗೆ ಬಿತ್ತು. ಅದೇ ತಿಂಗಳು 26ಕ್ಕೆ ಭಯೋತ್ಪಾದನೆ ತಡೆ ಮಸೂದೆಗಾಗಿ ಎರಡೂ ಸದನಗಳ ಜಂಟಿ ಅಧಿವೇಶನ ಕರೆದರು. ಸ್ವತಂತ್ರ ಭಾರತದಲ್ಲಿ ಮಸೂದೆಯೊಂದಕ್ಕಾಗಿ ಹಾಗೆ ಸೇರಿದ್ದು ಅದು ಮೂರನೇ ಸಲ. ಅವರ ಕಾಂಗ್ರೆಸ್ ಪಕ್ಷ ಆ ಮಸೂದೆಯನ್ನು ಕಟ್ಟುನಿಟ್ಟಾಗಿ ವಿರೋಧಿಸುತ್ತಿತ್ತು. ಅಂಥ ದಿನ ಎಲ್ಲರಿಗಿಂತ ಮೇಲಿನ ಪೀಠದಲ್ಲಿ ಕೂತು ಸಭೆ ನಡೆಸಿದವರು ದೇಶದಲ್ಲೇ ಅತಿ ಕಡಿಮೆ ಮತದಾರರಿರುವ ಕ್ಷೇತ್ರದ ಎಂಪಿ. ಮಸೂದೆ ಪಾಸಾಯಿತು. ನೂರಾರು ಸದಸ್ಯರ ಗದ್ದಲದ ನಡುವೆ ತನ್ನ ಪಕ್ಷದ ಸೋಲನ್ನು ತಾನೇ ಓದಿ ಹೇಳುವುದು ಸುಲಭದ ಕೆಲಸವಲ್ಲ. ಕಾರ್ಪೊರೇಟರ್ ಮಾತು ಬಂದಾಗ ನಾನು ಮೊದಲು ಹೇಳುವುದು ಈ ದಿನದ ಕಥೆ.

ಇಷ್ಟಾದರೂ 2004ರಲ್ಲಿ ಸೋತರು. ಅಂತರ ಎಷ್ಟು ಗೊತ್ತಾ? 71 ವೋಟು! ಇಬ್ಬರಿಗೂ ತಲಾ 15 ಸಾವಿರ ದಾಟಿ ಬಿದ್ದಿತ್ತು. ಗೆದ್ದವರು ಜೆಡಿಯುನ ಪೂಕುಞ್ಞಿ ಕೋಯ. 71 ಜನ ಅಂದರೆ ನಮ್ಮ ಸಿಟಿ ಬಸ್ಸಿನಲ್ಲಿ ಸಂಜೆ ಹೊತ್ತು ನೇತಾಡಿಕೊಂಡು ಹೋಗುವಷ್ಟು ಜನ. ಹತ್ತಿಪ್ಪತ್ತು ಮನೆಯವರು ಮುನಿಸಿಕೊಂಡರೆ ಸಾಕು. ಚಿಕ್ಕ ಕ್ಷೇತ್ರ ಸುಲಭ ಅನ್ನುವವರಿಗೆ ಇದು ಹೊಳೆಯುವುದೇ ಇಲ್ಲ. ದೊಡ್ಡ ಕ್ಷೇತ್ರದಲ್ಲಿ ಒಂದು ಊರಿನ ಸಿಟ್ಟು ಇನ್ನೊಂದು ಊರಿನ ವೋಟಿನಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿ ಮುಚ್ಚಿಹೋಗುವುದಿಲ್ಲ. 2011ರ ಗಣತಿಯಂತೆ ಬಿತ್ರಾದಲ್ಲಿ ಇದ್ದದ್ದೇ 271 ಜನ. ಆದರೆ ಅಲ್ಲಿಗೂ ದೋಣಿಯಲ್ಲಿ ಹೋಗಬೇಕು, ಮಿನಿಕಾಯ್‌ಗೂ ಹೋಗಬೇಕು. ಮಿನಿಕಾಯ್‌ನಲ್ಲಿ ಮಾತೇ ಬೇರೆ. ಉಳಿದ ದ್ವೀಪಗಳ ಜೆಸೆರಿ ಅಲ್ಲಿಲ್ಲ, ಮಾಲ್ಡೀವ್ಸ್ ಕಡೆಯ ಮಹಲ್ ಭಾಷೆ. ಕೊಚ್ಚಿಯಿಂದ ದ್ವೀಪಗಳಿಗೆ ಹಡಗಿನಲ್ಲಿ 14ರಿಂದ 18 ಗಂಟೆ ಬೇಕು. ಹಾಗೆ ದೆಹಲಿಗೂ ದ್ವೀಪಗಳಿಗೂ 37 ವರ್ಷ ಓಡಾಡಿದವರು ಅವರು.

ಸೋತ ಅದೇ ತಿಂಗಳು ಪ್ರಧಾನಿ ಮನಮೋಹನ್ ಸಿಂಗ್ ಸಯೀದರನ್ನು ವಿದ್ಯುತ್ ಸಚಿವರನ್ನಾಗಿ ತೆಗೆದುಕೊಂಡರು. ದೆಹಲಿಯಿಂದ ರಾಜ್ಯಸಭೆಗೆ ಹೋದರು. 2005ರ ಡಿಸೆಂಬರ್ 18ರಂದು ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ತೀರಿಕೊಂಡಾಗಲೂ ಸಚಿವರಾಗಿಯೇ ಇದ್ದರು.

"ಈಗ ಅಲ್ಲಿ ಯಾರು?" ಅಂತಲೂ ಕೇಳುತ್ತಾರೆ. ಅವರ ಮಗ ಹಮ್ದುಲ್ಲಾ ಸಯೀದ್. 2009ರಲ್ಲಿ ಗೆದ್ದರು, 2014ರಲ್ಲೂ 2019ರಲ್ಲೂ ಸೋತರು. 2019ರ ಸೋಲು 823 ವೋಟಿನದು. 2024ರಲ್ಲಿ 2,647 ವೋಟುಗಳಿಂದ ಮತ್ತೆ ಗೆದ್ದರು. ನಮ್ಮಲ್ಲಾದರೆ ಅದು ಕೂದಲೆಳೆಯ ಗೆಲುವು. ಅಲ್ಲಿ ಅಷ್ಟು ಜನ ಅಂದರೆ ಬಿತ್ರಾದಂಥ ಸುಮಾರು ಹತ್ತು ದ್ವೀಪ.